ಹೊಳೆಗೆ ಗಡ್ಡ ಬಿಟ್ಟ ದೊಡ್ಡಮಾವ

ಹರಿಹರದ ಹೊಳೆದಂಡೆಯಲ್ಲಿ ಫಲವತ್ತಾದ ಹೊಲವಿದ್ದೂ ನಮ್ಮ ದೊಡ್ಡಮಾವ ನೀರಿನಂಚಿಗೆ ಪ್ರೀತಿಯಿಂದ ಬೆಳೆಸಿದ್ದು ಯಾರೂ ಕೊಳ್ಳದ, ಯಾರೂ ತಿನ್ನದ ಲಕ್ಕಿ ಗಿಡಗಳನ್ನು! ದಾವಣಗೆರೆಯಿಂದ ನಾವು ಹೋದರೆ ಚಹಾಕ್ಕಿಂತ ಮೊದಲು ದಂಡೆಯ ದರ್ಶನ. ನನ್ನ ಗಂಡ ಮದುವೆಯ ಹೊಸತರಲ್ಲಿ ಇಸ್ತ್ರಿ ಪ್ಯಾಂಟಿನಲ್ಲೇ ಕೆಸರೊಳಗೆ ನಿಂತು ಬೇರಿನ ಪಾಠ ಕೇಳಿದ್ದಾರೆ.

"ನೋಡ್ರಿ ಅಳಿಯಂದ್ರೆ, ಬೇರು ದಂಡೆ ಹಿಡ್ಕಂತಾವೆ. ಹೊಳೆ ತುಂಬಿ ಗಿಡದಾಗ ನುಗ್ಗಿದ್ರೆ ನೀರಿನ ಜೋರು ಕಡಿಮೆ ಆಗ್ತೈತೆ, ಹೊತ್ತು ತಂದ ಗೋಡುಮಣ್ಣು ಅಲ್ಲೇ ಬಿಡ್ತೈತೆ. ಆ ಮಣ್ಣಾಗ ಮತ್ತೆ ಗಿಡ. ಹೊಳೆ ಗಿಡ ಬೆಳಸ್ತೈತೆ, ಗಿಡ ಹೊಳೆ ದಾರಿ ತಿದ್ತಾವೆ."

"ಹಂಗಾರೆ ನಿಮ್ಮ ಕೆಲ್ಸ ಏನು ಮಾವಾ?" ಎಂದರು ಇವರು.

"ನಿಮ್ಮಂಥೋರು ತುಳೀದಂಗ ಕಾಯಾದು!"

ಪಕ್ಕದ ಹೊಲ ಅವರ ತಮ್ಮನದು, ನಮ್ಮ ಚಿಕ್ಕಮಾವನದು. ಅವರಿಗೆ ಎಲ್ಲವೂ ಚೊಕ್ಕಟವಾಗಿರಬೇಕು. "ಅಣ್ಣ ಹೊಳೆಗೆ ಗಡ್ಡ ಬಿಟ್ಟಾನೆ" ಎಂದು ನಗುತ್ತಿದ್ದವರು, ಒಂದು ಬೇಸಿಗೆಯಲ್ಲಿ ತಮ್ಮ ದಂಡೆಯ ಗಿಡಗಳನ್ನೆಲ್ಲ ಬೇರುಸಹಿತ ಕೀಳಿಸಿ ನೀರಿನಂಚಿನವರೆಗೂ ಮೆಕ್ಕೆಜೋಳ ಬಿತ್ತಲು ಹೊರಟರು. ದೊಡ್ಡಮಾವ ಓಡಿಹೋಗಿ ಆಳುಗಳಿಗೆ ಅಡ್ಡ ನಿಂತರು.

"ಬ್ಯಾಡೋ! ಹೊಳೆ ನಿನ್ನ ಹೊಲ ತಿಂತೈತೆ!"

"ನನ್ನ ಹೊಲಕ್ಕೇ ಶಾಪ ಹಾಕ್ತೀಯಾ?"

ಅಂದೇ ಮಾತು ನಿಂತಿತು. ಮದುವೆಮನೆಯ ಪಂಕ್ತಿಯಲ್ಲೂ ಒಬ್ಬರು ಈ ತುದಿ, ಇನ್ನೊಬ್ಬರು ಆ ತುದಿ. ಇಬ್ಬರ ಯೋಗಕ್ಷೇಮವೂ ಗೊತ್ತಿದ್ದದ್ದು ಹೋಳಿಗೆ ಬಡಿಸುವವರಿಗೆ ಮಾತ್ರ!

ಮಳೆಗಾಲದಲ್ಲಿ ತುಂಗಭದ್ರೆ ಉಕ್ಕಿ ಬಂದಳು. ನೀರಿಳಿದ ಮೇಲೆ ನಾವು ಹೋದೆವು. ದೊಡ್ಡಮಾವನ ಲಕ್ಕಿ ಬಾಗಿ ಮಲಗಿತ್ತು, ಬುಡ ಕದಲಿರಲಿಲ್ಲ. ಸುತ್ತ ಹೊಸ ಗೋಡುಮಣ್ಣು ಕೂತಿತ್ತು. ಚಿಕ್ಕಮಾವನ ದಂಡೆ ಮಾತ್ರ ಕುಸಿದು, ಮೆಕ್ಕೆಜೋಳದ ಸಾಲುಗಳು ಅರ್ಧಕ್ಕೇ ಮುಗಿದಿದ್ದವು. ಅವರು ಅಲ್ಲೇ ಬಾಯಿಗೆ ಟವೆಲ್ ಒತ್ತಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದರು.

ದೊಡ್ಡಮಾವ ಏನು ಅಂದುಬಿಡುತ್ತಾರೋ ಎಂದು ನನಗೆ ಪುಕುಪುಕು. ಗೆದ್ದವರ ನಾಲಿಗೆ ಸುಮ್ಮನಿರುತ್ತದೆಯೇ?

ಅವರು ಕುಡುಗೋಲು ಹಿಡಿದು ತಮ್ಮ ದಂಡೆಗಿಳಿದರು. ತಮ್ಮ ಲಕ್ಕಿಯ ಕೊಂಬೆಗಳನ್ನು ತಾವೇ ಕಡಿದರು. ಕಡ್ಡಿಗಳ ಹೊರೆಯನ್ನು ತಂದು ತಮ್ಮನ ಹೊಲದಲ್ಲಿ ಇಳಿಸಿ, ಪಂಚೆ ಎತ್ತಿ ಕಟ್ಟಿ, ಬೇರೊಡೆದು ಚಿಗುರಲೆಂದು ಕುಸಿದ ದಂಡೆಯಲ್ಲಿ ಒಂದೊಂದೇ ಊರತೊಡಗಿದರು.

ಕೊನೆಗೆ ಚಿಕ್ಕಮಾವ ಎದ್ದು ಬಂದು ಒಂದು ಕಡ್ಡಿ ಎತ್ತಿಕೊಂಡು, ತಿರುಗಿಸಿ ಮುರುಗಿಸಿ ನೋಡಿದರು.

"ಅಣ್ಣಾ, ಯಾವ ತುದಿ ಕೆಳಗೆ?"

ದೊಡ್ಡಮಾವ ತಮ್ಮನ ಕೈಯನ್ನು ತಮ್ಮ ಕೆಸರುಗೈಯಲ್ಲಿ ಹಿಡಿದು, ಕಡ್ಡಿಯ ದಪ್ಪ ತುದಿಯನ್ನು ಮಣ್ಣಿಗೆ ತಾಗಿಸಿದರು.