ಒಕಾರದ ಮೊಸಳೆ

“ಈ ದೀಪಾವಳಿ ರಜೆಯಲ್ಲಿ ನಿನಗೆ ಮೊಸಳೆ ತೋರಿಸದಿದ್ದರೆ ನಾನು ಕನ್ನಡ ಪಂಡಿತನೇ ಅಲ್ಲ!” ಎಂದು ಕೊಟ್ಟೂರಪ್ಪ ಮೇಷ್ಟ್ರು ಹೆಂಡತಿಯ ಮುಂದೆ ಘೋಷಿಸಿದರು. ಮೊಸಳೆಗೂ ಪಾಂಡಿತ್ಯಕ್ಕೂ ಏನು ಸಂಬಂಧವೆಂದು ಕೇಳುವ ಧೈರ್ಯ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಯಾರಿಗೂ ಇರಲಿಲ್ಲ. ಕೇಳಿದವರ ವಾಕ್ಯದಲ್ಲೇ ಮೇಷ್ಟ್ರು ಎರಡು ತಪ್ಪು ಹುಡುಕುತ್ತಿದ್ದರು.

ಅಕ್ಕನಾಗಮ್ಮ ಕುರುಗೋಡಿನ ಮಗಳು. ಮದುವೆಯಾದ ಹದಿನಾರು ವರ್ಷವೂ ‘ಮನಿ’ ಎಂದಾಗ ‘ಮನೆ’ ಎಂದು, ‘ಸಾಲಿ’ ಎಂದಾಗ ‘ಶಾಲೆ’ ಎಂದು ತಿದ್ದಿಸಿಕೊಂಡಿದ್ದರು. ಹಾಲು ಉಕ್ಕುತ್ತಿದೆಯೆಂದು ಕೂಗಿದರೂ ಮೊದಲು ಕ್ರಿಯಾಪದ ಸರಿಯಾಗಬೇಕು, ಹಾಲು ಆಮೇಲೆ! ಈಗ ಅವರಿಗೊಂದು ದಾರಿ ಕಂಡಿತು.

“ಮೊಸಳಿ ಕಾಣಲಿಲ್ಲ ಅಂದ್ರ?”

“ಮೊಸಳೆ.”

“ಅದೇರಿ. ಕಾಣಲಿಲ್ಲ ಅಂದ್ರ ಇನ್ನ ಮ್ಯಾಲ ನಂದಾಗಲಿ ಯಾರದಾಗಲಿ ಮಾತು ತಿದ್ದಬಾರದು. ಒಪ್ಪಿಗೇನ್ರಿ?”

ಮೇಷ್ಟ್ರು ಧಾರಾಳವಾಗಿ ಒಪ್ಪಿದರು. ಅವರ ಬಳಿ ಖಚಿತ ಸುದ್ದಿಯಿತ್ತು. ಹಿಂದಿನ ವಾರ ಬ್ರೂಸ್‌ಪೇಟೆಯ ಅಂಗಡಿಯಲ್ಲಿ ಸಿಕ್ಕಿದ್ದ ಸಿರುಗುಪ್ಪದ ಅಂಬಿಗ ಜಂಬಣ್ಣ, ತುಂಗಭದ್ರೆಯ ನಡುಗಡ್ಡೆಯಲ್ಲಿ ನೂರು ವರ್ಷದ ‘ಮುಸಲಿ’ಯೊಂದಿದೆ, ದಿನವೂ ಬಿಸಿಲಿಗೆ ಬಂದು ಕೂರುತ್ತದೆ, ಬಾಯಿ ತೆರೆದರೆ ಮುಚ್ಚುವುದೇ ಇಲ್ಲ ಎಂದಿದ್ದ. “ಮುಸಲಿ ಅಲ್ಲಪ್ಪಾ, ಮೊಸಳೆ. ಮಕಾರಕ್ಕೆ ಒಕಾರ” ಎಂದು ಮೇಷ್ಟ್ರು ಅಲ್ಲೇ ತಿದ್ದಿದ್ದರು. ಓದಿದವರೆದುರು ವಾದವೇಕೆಂದು ಜಂಬಣ್ಣ “ಹಂಗೇ ಆಗಲಿ ತಗೋರಿ” ಎಂದಿದ್ದ.

ದಂಪತಿಗಳು ಸಿರುಗುಪ್ಪದಲ್ಲಿ ಬಸ್ಸಿಳಿದು ಹೊಳೆ ಸೇರುವಷ್ಟರಲ್ಲಿ ಮುಗಿಲು ಕಾಡಿಗೆ ಬಳಿದುಕೊಂಡಿತ್ತು. ಜಂಬಣ್ಣನ ಹರಿಗೋಲು ನಡುಹೊಳೆಗೆ ಬಂದದ್ದೇ ತಡ, ಮಳೆ! ಗಾಳಿ! ಹರಿಗೋಲು ಬೀಸುವ ಕಲ್ಲಿನಂತೆ ಗರಗರ ತಿರುಗಿತು. ಮೇಷ್ಟ್ರ ಕೊಡೆ ಮೊದಲು ಬಟ್ಟಲಾಯಿತು, ಆಮೇಲೆ ಹಕ್ಕಿಯಾಗಿ ರಾಯಚೂರು ಜಿಲ್ಲೆಯ ಕಡೆಗೆ ಹೊರಟೇ ಹೋಯಿತು. ಗಂಟಿನ ರೊಟ್ಟಿ ಅಂಬಲಿಯಾಯಿತು. ಇಷ್ಟಾದರೂ ಮೇಷ್ಟ್ರು ಎದ್ದುನಿಂತು “ಅಗೋ ಮೊಸಳೆ!” ಎಂದರು. ತೇಲಿಬಂದ ಜಾಲಿಯ ಕೊರಡು. “ಅಲ್ಲಿ ಮೂಗು ಕಾಣುತ್ತಿದೆ!” ಎಂದರು. ಅದು ಎಮ್ಮೆ, ಇವರನ್ನು ಒಮ್ಮೆ ನೋಡಿ ಮುಖ ತಿರುಗಿಸಿತು.

ಕೊನೆಗೆ ನಡುಗಡ್ಡೆ ಸಿಕ್ಕಿತು. ಮೇಷ್ಟ್ರು ನೀರು ಸೋರಿಸುತ್ತ, ಅದೆಲ್ಲಿದೆಯೆಂದು ಕೇಳಿದರು. ಜಂಬಣ್ಣ ಗುಡಿಸಲಿನತ್ತ ಕೈ ತೋರಿಸಿದ. ಬಾಗಿಲಲ್ಲಿ ಬೊಚ್ಚುಬಾಯಿಯ ಹಣ್ಣುಹಣ್ಣು ಮುದುಕಿಯೊಬ್ಬಳು, ಇಂಥ ಮಳೆಯಲ್ಲಿ ಹೆಣ್ಣುಮಗಳನ್ನು ಹೊಳೆಗಿಳಿಸಿದ ಬುದ್ಧಿಗೇಡಿ ಯಾವನೆಂದು ಉಸಿರು ಬಿಡದೆ ಬೈಯುತ್ತಿದ್ದಳು.

“ಇದೇರಿ ಮುಸಲಿ. ನಮ್ಮವ್ವನ ಅವ್ವ, ಗಿಡ್ಡಮ್ಮ,” ಎಂದ ಜಂಬಣ್ಣ. “ತೆಲುಗಿನಾಗ ವಯಸ್ಸಾದೋರಿಗೆ ಮುಸಲಿ ಅಂತಾರಲ್ರಿ. ನೀವು ಮೊಸಳಿ ಅಂದ್ರಿ. ಸಿಟ್ಟು ಬಂದಾಗ ನಾವೂ ಹಂಗ ಅಂತೀವಿ, ಅದಕ್ಕ ಸುಮ್ನಾದೆ.”

ಅಕ್ಕನಾಗಮ್ಮ ನಗಲಿಲ್ಲ. ಗಿಡ್ಡಮ್ಮ ಹೊದಿಸಿದ ಕಂಬಳಿಯೊಳಗೆ ಬೆಚ್ಚಗೆ ಕೂತು, ಗಂಡನ ಮುಖವನ್ನೇ ನೋಡಿದರು. ಇದ್ದದ್ದು ಒಂದೇ ಕಂಬಳಿ. ಮೇಷ್ಟ್ರ ಪಾಲಿಗೆ ಬೈಗುಳ ಮಾತ್ರ ಬಂತು. ಅದರಲ್ಲೂ ನಾಲ್ಕು ವ್ಯಾಕರಣದೋಷಗಳಿದ್ದವು. ಅವರು ಬಾಯಿ ತೆರೆದರು, ಕೊಟ್ಟ ಮಾತು ನೆನಪಾಗಿ ಮುಚ್ಚಿದರು.

ಮಳೆ ನಿಂತ ಮೇಲೆ ಹಲ್ಲು ಕಟಕಟಿಸುತ್ತ ಹರಿಗೋಲು ಹತ್ತಿದ ಮೇಷ್ಟ್ರು, “ನಡಿ, ಮನಿಗೆ ಹೋಗಾಣ” ಎಂದರು.

ಅಕ್ಕನಾಗಮ್ಮ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು:

“ಮನಿ ಅಲ್ರೀ, ಮನೆ. ನಕಾರಕ್ಕೆ ಎಕಾರ.”