ಕೃಷ್ಣವ್ವನ ಕೊರಳಿನ ಸಾಜ

ಚಿತ್ರಕಾರರಲ್ಲಿ ಕೆಲವರಿಗೆ ಕೈಬೆರಳು ಬರೆಯಲು ಬರುವುದಿಲ್ಲ, ಕೆಲವರಿಗೆ ಕುದುರೆ ಬರುವುದಿಲ್ಲ. ನನಗೆ ಕೊರಳು ಬರುವುದಿಲ್ಲ. ವಾರಪತ್ರಿಕೆಗಳ ಕಥೆಗಳಿಗೆ ಚಿತ್ರ ಬರೆಯುತ್ತ ಅರ್ಧ ಆಯುಷ್ಯ ಕಳೆದ ಮೇಲೂ, ಮುಖಕ್ಕೂ ಹೆಗಲಿಗೂ ನಡುವೆ ದೇವರು ಏನನ್ನು ಇಟ್ಟಿದ್ದಾನೆಂಬುದು ನನಗೆ ಪೂರ್ತಿ ತಿಳಿದಿಲ್ಲ. ಗಂಡಸರಾದರೆ ಚಿಂತೆಯಿಲ್ಲ, ಶಾಲು, ಮಫ್ಲರು, ಏನೂ ಹೊಂದದಿದ್ದರೆ ಗಡ್ಡ. ಹೆಂಗಸರಿಗೆ ಒಡವೆ. ನನ್ನ ಕಥಾನಾಯಕಿಯರು ಕಬ್ಬು ಕಡಿಯಲು ಹೋದರೂ ಮದುವೆಮನೆಗೆ ಹೊರಟವರಂತೆ ಹೋಗುತ್ತಿದ್ದರು. ಒಮ್ಮೆ ಸಂಪಾದಕರೇ ಫೋನು ಮಾಡಿ, “ಅಲ್ಲ ಸ್ವಾಮಿ, ಕಥೆಯಲ್ಲಿ ಆಕೆ ಕೂಲಿಯವಳು. ನೀವು ಹಾಕಿರುವ ಅಡ್ಡಿಕೆ ಸರ ಮಾರಿದರೆ ಆಕೆ ಆ ಹೊಲವನ್ನೇ ಕೊಂಡುಕೊಳ್ಳಬಹುದು, ಕಥೆ ಮೊದಲ ಪುಟದಲ್ಲೇ ಮುಗಿದುಹೋಗುತ್ತೆ” ಎಂದರು. “ತವರಿನವರು ಕೊಟ್ಟದ್ದು ಸರ್” ಎಂದೆ. ಅವರು ಫೋನು ಇಟ್ಟರು.

ಈಗ ಪತ್ರಿಕೆಗಳೇ ಬಡಕಲಾಗಿವೆ. ಉಳಿದವಕ್ಕೂ ಕಂಪ್ಯೂಟರು ಚಿತ್ರ ಬರೆದುಕೊಡುತ್ತದೆ, ಅದಕ್ಕೆ ಕೊರಳೂ ಬರುತ್ತದೆ. ಹಾಗಾಗಿ ಚಿಕ್ಕೋಡಿಯಲ್ಲಿ ನಾನೀಗ ಬರೀ ‘ಪೇಂಟರ್’. ಕಬ್ಬಿನ ಟ್ರೇಲರಿನ ಹಿಂದೆ ಹುಲಿ ಬರೆದುಕೊಡಿ ಎಂದವರಿಗೂ ಬರೆದುಕೊಟ್ಟಿದ್ದೇನೆ. ಆ ಹುಲಿಯ ಕೊರಳಲ್ಲಿ ಚೆಂಡುಹೂವಿನ ಮಾಲೆಯಿದೆ. ಹೆಚ್ಚಾಗಿ ಬರುವುದು ತೀರಿಹೋದವರ ಭಾವಚಿತ್ರದ ಕೆಲಸ. ಬದುಕಿದ್ದಾಗ ಒಂದು ಒಳ್ಳೆಯ ಫೋಟೋ ತೆಗೆಸದ ಮಕ್ಕಳು, ಆಮೇಲೆ ಮತದಾರರ ಗುರುತಿನ ಚೀಟಿ ಹಿಡಿದುಕೊಂಡು ನನ್ನ ಬಾಗಿಲಿಗೆ ಬರುತ್ತಾರೆ.

ಜುಗೂಳದ ಬಾಳಾಸಾಹೇಬರು ಬಂದದ್ದೂ ಹಾಗೆಯೇ. ತಾಯಿ ಕೃಷ್ಣವ್ವನ ವರ್ಷದ ತಿಥಿ ಹತ್ತಿರ ಬಂದಿತ್ತು. ಅವರು ತಂದ ಚೀಟಿಯಲ್ಲಿ ಕೃಷ್ಣವ್ವ ಗದ್ದಕ್ಕೇ ಮುಗಿದುಹೋಗಿದ್ದಳು.

“ಇದರಾಗ ಕೊರಳ ಇಲ್ಲಲ್ರಿ” ಎಂದೆ.

“ಕೊರಳ ಏನ್ರಿ, ಎಲ್ಲಾರದೂ ಒಂದ ನಮೂನಿ ಇರತೈತಿ. ನೀವ ಹಚ್ಚಿ ಬಿಡ್ರಿ” ಎಂದು ಹೇಳಿ ಅವರು ಹೊರಟುಹೋದರು.

ಮುಖಕ್ಕೆ ಜೀವ ತೇದು ಕೆಲಸ ಮಾಡಿದೆ. ಹುಬ್ಬಿನ ಪಕ್ಕದ ಮಚ್ಚೆ, ತುಟಿಯ ಮೂಲೆಯ ಮುನಿಸು, ಒಂದನ್ನೂ ಬಿಡಲಿಲ್ಲ. ಕೊರಳಿಗೆ ಬಂದಾಗ ಹೆಂಡತಿ ತವರಾದ ನಿಪ್ಪಾಣಿಗೆ ಹೋಗಿದ್ದಳು. ಬೀರು ತೆರೆದು ಅವಳ ಕೊಲ್ಹಾಪುರದ ಸಾಜ ತೆಗೆದೆ. ನಮ್ಮ ಕಡೆ ಸಾಜವೆಂದರೆ ಹೆಂಗಸರಿಗೆ ಅರ್ಧ ಪ್ರಾಣ; ಬಂಗಾರದ ಗುಂಡುಗಳ ನಡುವೆ ಮೀನು, ಆಮೆ, ಶಂಖದಂಥ ಪುಟ್ಟ ಪುಟ್ಟ ಪದಕಗಳಿರುವ ಸರ. ಅದನ್ನು ತಾಮ್ರದ ತಂಬಿಗೆಯ ಕುತ್ತಿಗೆಗೆ ಹಾಕಿ, ಎದುರಿಗಿಟ್ಟುಕೊಂಡು, ಕೃಷ್ಣವ್ವನಿಗೆ ತೊಡಿಸಿದೆ. ನನ್ನ ಅತ್ತೆಯ ಕಾಲದ ಸರವಾದ್ದರಿಂದ ಒಂದು ಮೀನಿನ ಬಾಲ ಮುರಿದಿತ್ತು. ನಾನೂ ಮುರಿದೇ ಬರೆದೆ.

ಚಿತ್ರ ಒಯ್ದ ಮರುದಿನ ಬೆಳಿಗ್ಗೆ ಬಾಳಾಸಾಹೇಬರ ಫೋನು. “ಪೇಂಟರ್ರ, ನಿಂತ ಕಾಲಮ್ಯಾಲ ಬರ್ರಿ. ಮನಿ ಒಡ್ಯಾಕತ್ತೈತಿ!”

ಆದದ್ದು ಇಷ್ಟು. ತಿಥಿಗೆಂದು ಇಚಲಕರಂಜಿಯಿಂದ ಬಂದ ಕಿರಿಸೊಸೆ ರೂಪಾ ಗೋಡೆಯ ಮೇಲಿನ ಚಿತ್ರಕ್ಕೆ ಕೈಮುಗಿದು, ಮುಗಿದ ಕೈ ಇಳಿಸುವ ಮೊದಲೇ, “ಅತ್ತ್ಯಾರ ಸಾಜ ಎಲ್ಲೈತಿ?” ಎಂದು ಕೇಳಿದ್ದಾಳೆ. ಕೊನೆಯ ತನಕ ಅತ್ತೆಯ ಸೇವೆ ಮಾಡಿ, ಕೀಲಿಕೈ ಸೊಂಟದಲ್ಲಿಟ್ಟುಕೊಂಡಿದ್ದವಳು ಹಿರಿಸೊಸೆ, ಬಾಳಾಸಾಹೇಬರ ಹೆಂಡತಿ ಮಂಗಲಾ. ಅಂಥ ಸಾಜ ತಾನು ಕಣ್ಣಿಲೆ ಕಂಡಿಲ್ಲವೆಂದು ಆಕೆ ಆಣೆಯಿಟ್ಟರೂ ರೂಪಾ, “ಇಲ್ಲದ್ದನ್ನ ಪೇಂಟರ್ ಹೆಂಗ ತಗದಾರು?” ಎಂದಳಂತೆ. ಮಂಗಲಾ ಆಗಿನಿಂದ ಹನಿ ನೀರೂ ಮುಟ್ಟಿರಲಿಲ್ಲ. ನನ್ನ ಚಿತ್ರವನ್ನು ಇಷ್ಟು ಗಟ್ಟಿಯಾಗಿ ನಂಬಿದವರು ಜನ್ಮದಲ್ಲಿ ಯಾರೂ ಇರಲಿಲ್ಲ ಎಂದು ಮೊದಲು ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಮಂಗಲಾಳ ನೆನಪು ಬಂದದ್ದೇ ಆ ಹೆಮ್ಮೆ ಇಳಿಯಿತು.

ನಿಪ್ಪಾಣಿಯಿಂದ ಮರಳಿದ್ದ ಹೆಂಡತಿಗೆ ಎಲ್ಲ ಹೇಳಿದೆ. “ಬೀರು ಯಾರನ್ನ ಕೇಳಿ ತಗದ್ರಿ?” ಎಂದು ಶುರು ಮಾಡಿದವಳು, ಮಂಗಲಾಳ ಕಥೆ ಕೇಳಿ ತಣ್ಣಗಾದಳು. “ಪಾಪ, ಅತ್ತಿ ಸೇವಾ ಮಾಡಿದಾಕಿಗೆ ಕಳವಿನ ಹೆಸರ ಬಂತಲ್ರಿ. ನಡೀರಿ, ನಾನ ತೋರಸ್ತೀನಿ” ಎಂದು ಸಾಜ ಹಾಕಿಕೊಂಡು, ಅದಕ್ಕೊಪ್ಪುವ ಸೀರೆ ಉಟ್ಟು, ಬೈಕಿನ ಹಿಂದೆ ಕೂತಳು.

ಜುಗೂಳದ ಮನೆಯ ಪಡಸಾಲೆಯಲ್ಲಿ ಅವಳನ್ನು ಕೃಷ್ಣವ್ವನ ಚಿತ್ರದ ಪಕ್ಕದಲ್ಲಿ ನಿಲ್ಲಿಸಿದೆವು. ಮಂಗಲಾ ಅಡುಗೆಮನೆಯ ಬಾಗಿಲಲ್ಲಿ ಕಣ್ಣು ಊದಿಸಿಕೊಂಡು ಕೂತಿದ್ದಳು. ರೂಪಾ ಗೋಡೆಯನ್ನೊಮ್ಮೆ, ನನ್ನ ಹೆಂಡತಿಯನ್ನೊಮ್ಮೆ ನೋಡುತ್ತ ಒಂದೊಂದೇ ಪದಕ ತಾಳೆ ಹಾಕಿದಳು. ಮೀನಿಗೆ ಬಂದು ನಿಂತಳು. “ಅಯ್ಯ, ಅದ ಐತಿ! ಅದ ಮುರಕ ಬಾಲ!”

“ನೋಡ್ರಿ ಮತ್ತ, ಇದನ್ನ ನೋಡಿನ ತಗದದ್ದು” ಎಂದೆ. ರೂಪಾ ಹೋಗಿ ಮಂಗಲಾಳ ಕೈ ಹಿಡಿದಳು. “ತಪ್ಪಾತ ಅಕ್ಕಾ, ಹೊಟ್ಯಾಗ ಹಾಕ್ಕೋ.” ನೆಗೆಣ್ಣಿಯರಿಬ್ಬರೂ ಅತ್ತರು. ನನಗೂ ಕಣ್ಣು ತುಂಬಿ ಬಂತು. ಕಣ್ಣೊರೆಸಿಕೊಂಡು ನೋಡಿದರೆ ಇಬ್ಬರೂ ಹೆಗಲಿಗೆ ಹೆಗಲು ಹಚ್ಚಿ ನಿಂತು ನನ್ನ ಹೆಂಡತಿಯ ಕೊರಳನ್ನೇ ದಿಟ್ಟಿಸುತ್ತಿದ್ದರು.

“ಹಂಗಾರ, ನಮ್ಮ ಅತ್ತಿ ಸಾಜ ಇವರ ಕೊರಳಿಗಿ ಹೆಂಗ ಬಂತು?” ಎಂದಳು ಮಂಗಲಾ. ಅವಳ ದನಿಯಲ್ಲಿ ಅಳುವಿನ ಸುಳಿವೂ ಇರಲಿಲ್ಲ.

ನಾನು ಬಾಯಿಬಿಟ್ಟು ಏನೇನೋ ಹೇಳಿದೆ, ಯಾರೂ ಕೇಳಲಿಲ್ಲ. ಬಾಳಾಸಾಹೇಬರಾದರೂ ನಮ್ಮ ಕಡೆ ಮಾತಾಡುತ್ತಾರೆಂದರೆ, ಅವರು ಚಿತ್ರವನ್ನೇ ನೋಡುತ್ತ, “ಸಣ್ಣಂವ ಇದ್ದಾಗ ಅವ್ವನ ಕೊರಳಾಗ ನೋಡಿಧಂಗ ಆಗಾಕತ್ತೈತಿ” ಎಂದು ಕಣ್ಣೀರು ತಂದುಕೊಂಡರು. ಸ್ವಂತ ಮಗನೇ ಸಾಕ್ಷಿ ಹೇಳಿದ ಮೇಲೆ ಪೇಂಟರನ ಮಾತಿಗೆ ಏನು ಬೆಲೆ?

ನನ್ನ ಹೆಂಡತಿ ಸಿಟ್ಟಿನಿಂದ ಕೆಂಪಾಗಿದ್ದಳು. ಪುಣೆಯಲ್ಲಿರುವ ಮಗಳಿಗೆ ಫೋನು ಮಾಡಿ, “ನಮ್ಮ ಲಗ್ನದ ಫೋಟೋ ಕಳಸ, ಈಗಿಂದೀಗ” ಎಂದಳು. ಫೋಟೋ ಬಂತು. ರೂಪಾ ಅದನ್ನು ಎರಡು ಬೆರಳಿನಿಂದ ಹಿಗ್ಗಿಸಿದಳು. ಮನೆಯವರ ತಲೆಗಳೆಲ್ಲ ಮೊಬೈಲಿನ ಮೇಲೆ ಬಾಗಿದವು. ಬಾಸಿಂಗದ ಕೆಳಗೆ, ಮಾಲೆಯ ಸಂದಿಯಲ್ಲಿ, ಬಾಲ ಮುರಿದ ಮೀನು ಸ್ಪಷ್ಟವಾಗಿ ಕಾಣುತ್ತಿತ್ತು.

“ಹೌದ್ರಿ ಅಕ್ಕಾರ, ನಿಮ್ದ ಐತಿ. ತಪ್ಪ ತಿಳೀಬ್ಯಾಡ್ರಿ” ಎಂದಳು ಮಂಗಲಾ. ಒಳಗೆ ಹೋಗಿ ನಮಗೆ ಹೋಳಿಗೆ ಬಡಿಸಿದಳು, ತಾನೂ ಒಂದು ತಟ್ಟೆ ಹಿಡಿದು ಕೂತಳು. ಆಕೆ ತುತ್ತು ಎತ್ತಿದ್ದನ್ನು ನೋಡಿ ನನ್ನ ಜೀವ ತಣ್ಣಗಾಯಿತು. ಚಿತ್ರ ಕೊಡಿ, ಸಾಜ ಅಳಿಸಿ ತರುತ್ತೇನೆ ಎಂದೆ. “ಮುಟ್ಟಬ್ಯಾಡ್ರಿ!” ಎಂದಳು ಮಂಗಲಾ. “ಈಗ ಅಳಿಸಿದ್ರ, ಗ್ವಾಡಿ ಮ್ಯಾಲಿಂದೂ ನಾನ ಕದ್ದೆ ಅಂತಾರ ಮಂದಿ.”

ರೂಪಾ ಮಾತ್ರ ಮೊಬೈಲು ಬಿಟ್ಟಿರಲಿಲ್ಲ. “ಅಕ್ಕಾರ, ಸಾಜ ಒಂಚೂರೂ ಬದಲಾಗಿಲ್ಲ ನೋಡ್ರಿ” ಎಂದವಳು ಫೋಟೋವನ್ನು ಪಕ್ಕಕ್ಕೆ ಸರಿಸಿ, ಇನ್ನಷ್ಟು ಹಿಗ್ಗಿಸಿ, ನನ್ನತ್ತ ಒಮ್ಮೆ ನೋಡಿ ಕೇಳಿದಳು: “ಆದ್ರ ಬಾಜೂಕ ನಿಂತ ಈ ವರ ಯಾರ್ರಿ?”

ನಾನು ಎತ್ತಿದ ತುತ್ತನ್ನು ತಟ್ಟೆಗಿಟ್ಟೆ. ಹೆಂಡತಿ ಫೋಟೋ ನೋಡಿದಳು, ನನ್ನನ್ನು ನೋಡಿದಳು, ನಿಟ್ಟುಸಿರು ಬಿಟ್ಟಳು.

“ಅವರ ಇವರ್ರಿ. ಸಾಜಕ್ಕಾದ್ರ ಆಗಾಗ ಪಾಲಿಶ್ ಮಾಡಸ್ಕೋಂತ ಬಂದೀವಿ.”