ಬಸವಣ್ಣೆಪ್ಪನ ತೋಳಿಗೆ ಬಿದ್ದ ನನ್ನ ಸೂಜಿ

ಡಾಕ್ಟರಿಗೆ ಸೂಜಿಯ ಭಯ ಇರುವುದಿಲ್ಲ ಎಂದು ಜನ ತಿಳಿದಿದ್ದಾರೆ. ಅಡಿಗೆಯವನಿಗೆ ಹಸಿವೆಯಾಗುವುದಿಲ್ಲ ಎಂದು ತಿಳಿದ ಹಾಗೆ ಇದು. ಹಿರೇಕೆರೂರಿನ ಈ ದವಾಖಾನೆಗೆ ಬಂದ ಮೇಲೆ ನಾನು ಎಷ್ಟು ತೋಳುಗಳಿಗೆ ಚುಚ್ಚಿದ್ದೇನೆಂಬುದು ನನಗೇ ನೆನಪಿಲ್ಲ. ಅಳುವ ಮಕ್ಕಳಿಗೆ "ಇರಬಿ ಕಡದಂಗ ಆಗ್ತೈತಿ, ಅಷ್ಟ" ಎಂದು ನಗುನಗುತ್ತ ಹೇಳುತ್ತೇನೆ, ದನಿ ಒಂದಿಷ್ಟೂ ನಡುಗುವುದಿಲ್ಲ. ಆದರೆ ಅದೇ ಸೂಜಿ ನನಗೆ ಬೀಳುವ ಮಾತು ಬಂದರೆ ಸಾಕು, ನನ್ನ ಬಲಗೈ ಯಾರ ಅಪ್ಪಣೆಯನ್ನೂ ಕೇಳದೆ ಹೋಗಿ ಎಡದೋಳನ್ನು ತಿಕ್ಕತೊಡಗುತ್ತದೆ. ಇದನ್ನು ಕಂಡ ನನ್ನ ಹೆಂಡತಿ ಪಾಪ, ವಾಯು ಹಿಡಿದಿರಬೇಕೆಂದು ಪ್ರತಿ ಶನಿವಾರ ಆ ತೋಳಿಗೆ ಬಿಸಿ ಎಣ್ಣೆ ಹಚ್ಚುತ್ತಾಳೆ. ಎಣ್ಣೆ ಹಿತವಾಗಿರುವುದರಿಂದ ನಾನೂ ಅವಳ ತಿಳಿವಳಿಕೆಯನ್ನು ತಿದ್ದಲು ಹೋಗಿಲ್ಲ.

ಈ ಭಯ ಹುಟ್ಟಿದ್ದು ಅಜ್ಞಾನದಿಂದಲ್ಲ, ಓದಿನಿಂದ. ನಾನು ಮೆಡಿಕಲ್ ಸ್ಕೂಲಿನ ಮೂರನೆಯ ವರ್ಷದಲ್ಲಿದ್ದಾಗ ಅದಿದ್ದ ಪಟ್ಟಣದಲ್ಲಿ ಇಲಿ ಸತ್ತು ಬಿದ್ದವು. ಇಲಿ ಬಿದ್ದವೆಂದರೆ ಹಿಂದೆಯೇ ಪ್ಲೇಗು ಬಂತೆಂದು ಅರ್ಥ. ವಿದ್ಯಾರ್ಥಿಗಳೆಲ್ಲ ಚುಚ್ಚುಮದ್ದು ತೆಗೆದುಕೊಳ್ಳತಕ್ಕದ್ದು, ಚೀಟಿ ತೋರಿಸಿದವರಿಗೆ ಮಾತ್ರ ವಾರ್ಡಿನೊಳಗೆ ಪ್ರವೇಶ ಎಂದು ನೋಟೀಸು ಹಚ್ಚಿದರು. ಇದೇ ಚುಚ್ಚುಮದ್ದಿನ ಉಪಯೋಗಗಳ ಬಗ್ಗೆ ಹಿಂದಿನ ವಾರವಷ್ಟೇ ಪರೀಕ್ಷೆಯಲ್ಲಿ ಎರಡೆರಡು ಪುಟ ಬರೆದಿದ್ದ ನಾವು ಹಾಸ್ಟೆಲಿನ ಕಟ್ಟೆಯ ಮೇಲೆ ಸಭೆ ಸೇರಿದೆವು. ಊರ ಜನಕ್ಕೆ ಇದು ಅವಶ್ಯ ಎಂಬುದರಲ್ಲಿ ಯಾರದೂ ತಕರಾರಿರಲಿಲ್ಲ. ತಕರಾರೆಲ್ಲ ನಮ್ಮ ನಮ್ಮ ತೋಳಿನ ಬಗ್ಗೆ. ಸವಣೂರಿನವನೊಬ್ಬ ತನ್ನೂರಿನ ಎಲೆ ಅಗಿಯುತ್ತ, "ಎಲಿ ಅಡಿಕಿ ತಿನ್ನವರ ರಕ್ತ ಖಾರ ಇರ್ತೈತಿ, ಚಿಗಟ ಮೂಸಿ ಸೈತ ನೋಡಂಗಿಲ್ಲ" ಎಂದ. ಇನ್ನೊಬ್ಬನಿಗೆ ಕೈ ಬಾತರೆ ಪರೀಕ್ಷೆ ಬರೆಯುವುದು ಹೇಗೆಂಬ ಚಿಂತೆ. ಪರೀಕ್ಷೆಗೆ ಇನ್ನೂ ನಾಲ್ಕು ತಿಂಗಳಿತ್ತು. ಮತ್ತೊಬ್ಬ, ಮೊದಲು ಕಲಿಸುವವರು ತೆಗೆದುಕೊಳ್ಳಲಿ ಎಂದ. ಅವರು ತೆಗೆದುಕೊಂಡು ಎರಡು ದಿನವಾಯಿತೆಂದು ತಿಳಿದಾಗ, ಅವರಿಗೆ ವಯಸ್ಸಾಗಿದೆ, ಅವರ ಮಾತು ಬೇರೆ ಎಂದ. ನನ್ನ ವಾದ ಎಲ್ಲರದಕ್ಕಿಂತ ಘನವಾಗಿತ್ತು. "ನಂದೇನು ವಿರೋಧ ಇಲ್ಲಪಾ. ಈ ಸಲದ ಮದ್ದು ಹೆಂಗ ಐತೋ ಏನೋ, ಒಂದ ನಾಕ ದಿನ ನೋಡಿ ತಗೊಳ್ಳೋಣು" ಎಂದೆ.

ನೋಡಲು ನಾಲ್ಕು ದಿನ ಕೊಡುವವರು ಯಾರು? ಮರುದಿನವೇ ಅಂಗಳದಲ್ಲಿ ಎರಡು ಮೇಜು ಹಾಕಿ ಎರಡು ಸಾಲು ನಿಲ್ಲಿಸಿದರು. ಆಗ ನನ್ನ ಕೈ ಹಿಡಿದವನು ಕೋಣೆಯ ಗೆಳೆಯ ಬಸವಣ್ಣೆಪ್ಪ. ಶಿಗ್ಗಾಂವಿಯವನು, ದಿನಾಲು ಬೈಠಕ್ ಹೊಡೆಯುವ ಪೈಲ್ವಾನ, ಭಯವೆಂಬುದೊಂದು ಇದೆ ಎಂಬ ಸುದ್ದಿಯೇ ಅವನಿಗೆ ತಲುಪಿರಲಿಲ್ಲ. "ನಿಮ್ಮ ಆಯಿ ಕಳಿಸಿದ ಶೇಂಗಾ ಉಂಡಿ ಡಬ್ಬಿ ಪೂರಾ ನನಗ ಕೊಡ್ತೀಯೇನು? ನಿಂದೂ ನಾನ ತಗೋತೇನಿ" ಎಂದ. ಮೊದಲ ಸಾಲಿನಲ್ಲಿ ತನ್ನ ಹೆಸರು ಹೇಳಿ ಎಡದೋಳು ಕೊಟ್ಟ. ಸುತ್ತು ಹಾಕಿ ಬಂದು ಎರಡನೆಯ ಸಾಲಿನಲ್ಲಿ ವಿರುಪಾಕ್ಷಿ ಎಂದು ನನ್ನ ಹೆಸರು ಹೇಳಿ ಬಲದೋಳು ಕೊಟ್ಟ. ಎರಡು ದಿನ ಕೆಂಡದಂಥ ಜ್ವರದಲ್ಲಿ ಮಲಗಿದ. ಮೂರನೆಯ ದಿನ ಎದ್ದು ಕೂತು ಡಬ್ಬಿ ಖಾಲಿ ಮಾಡಿದ. ಅವನಿಗೆ ಉಂಡೆ, ನನಗೆ ಚೀಟಿ.

ಅಷ್ಟರಲ್ಲಿ ಸ್ಕೂಲಿಗೆ ಪ್ಲೇಗಿನ ಸೂಟಿ ಕೊಟ್ಟರು. ನಾನು ರಜೆಗೆಂದು ನಮ್ಮೂರು ಬಂಕಾಪುರಕ್ಕೆ ಬಂದರೆ ನಮ್ಮ ಓಣಿಯಲ್ಲೂ ಇಲಿ ಬಿದ್ದು, ಜನವೆಲ್ಲ ಮನೆಗೆ ಕೀಲಿ ಹಾಕಿ ಕೋಟೆಯಾಚೆಯ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ನಮ್ಮ ಗುಡಿಸಲಿನಲ್ಲಿ ಅಪ್ಪ, ಅವ್ವ, ಮತ್ತು ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ಆಯಿ ಗುಡಿಸಲಿನಲ್ಲಿ ನಿಲ್ಲುತ್ತಿದ್ದುದೇ ಕಡಿಮೆ. ಯಾರಿಗೆ ಮೈ ಬಿಸಿಯಾದರೂ ಕಷಾಯದ ಚರಿಗೆ ಹಿಡಿದು ಆಯಿ ಹಾಜರು. ಆಕೆಯದೊಂದು ಪದ್ಧತಿ ಇತ್ತು. ಯಾರಿಗೆ ಏನು ಮದ್ದು ಕೊಡುವುದಿದ್ದರೂ ಅವರ ಎದುರಿಗೆ ಮೊದಲು ತಾನೊಂದು ಗುಟುಕು ಕುಡಿಯುವುದು, ಆಮೇಲೆ ಅವರ ಬಾಯಿಗೆ ಹಿಡಿಯುವುದು. ಹೀಗೆ ಊರ ಮಂದಿಯ ಕಹಿಯನ್ನೆಲ್ಲ ಐವತ್ತು ವರ್ಷ ಕುಡಿದಿದ್ದಳು. ಎರಡು ಗುಡಿಸಲುಗಳಲ್ಲಿ ಆಗಲೇ ಒಬ್ಬೊಬ್ಬರು ಪ್ಲೇಗಿನಲ್ಲಿ ಮಲಗಿದ್ದರು. ಅವರ ತಲೆದೆಸೆಗೆ ಕೂತು ಆಯಿ ಕಷಾಯ ಕುಡಿಸುತ್ತಿದ್ದಳು. ಪ್ಲೇಗು ಹಬ್ಬಿದರೆ ಮೊದಲು ಹೋಗುವವಳು ಇವಳೇ ಎಂಬುದು ನನ್ನ ಪುಸ್ತಕದಲ್ಲಿ ಸ್ಪಷ್ಟವಾಗಿತ್ತು.

ನಾಳೆ ಶಿಗ್ಗಾಂವಿಯಿಂದ ಡಾಕ್ಟರು ಸೂಜಿ ಹಾಕಲು ಬರುತ್ತಾರೆಂದು ಓಲೆಕಾರ ಸಾರಿ ಹೋದ. ನಾನು ಎಲ್ಲರಿಗೂ ಉಪನ್ಯಾಸ ಕೊಟ್ಟೆ. ಆಯಿ ಪೂರ್ತಿ ಕೇಳಿ, "ನೀ ತಗೊಂಡೀಯೇನು?" ಎಂದಳು. ನಾನು ಚೀಟಿ ತೋರಿಸಿದೆ. ಓದು ಬಾರದ ಆಯಿ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, "ನನ್ನ ಮೊಮ್ಮಗ ತಾ ಮೊದಲ ತಗೊಂಡ ಬಂದಾನ, ನೀವೂ ಎಲ್ಲಾರೂ ಬರ್ರಿ" ಎಂದು ಗುಡಿಸಲು ಗುಡಿಸಲಿಗೆ ಹೋಗಿ ಹೇಳಿದಳು. ನನಗೆ ನಾಚಿಕೆಯಾಯಿತು. ಆದರೆ ನಾಚಿಕೆ ಸೂಜಿಯಷ್ಟು ಚುಚ್ಚುವುದಿಲ್ಲವೆಂದು ಸುಮ್ಮನಿದ್ದೆ.

ಮರುದಿನ ಬೆಳಿಗ್ಗೆ ಹುಣಸೆಮರದ ಕೆಳಗೆ ಆಯಿಯೇ ಮುಂದಾಗಿ ಸಾಲು ನಿಂತಿತು. ಚಕ್ಕಡಿಯಿಂದ ಡಾಕ್ಟರು ಇಳಿದರು. ಅವರ ಹಿಂದೆ ಔಷಧದ ಪೆಟ್ಟಿಗೆ ಹೊತ್ತು, ಸೂಟಿಯಲ್ಲಿ ಸಹಾಯಕ್ಕೆ ಸೇರಿಕೊಂಡಿದ್ದ ಬಸವಣ್ಣೆಪ್ಪ ಇಳಿದ. ಮಂದಿ ಅಂಜುತ್ತಿರುವುದನ್ನು ಕಂಡು ಅವರಿಗೆ ಧೈರ್ಯ ಹೇಳಬೇಕೆಂದು ಆ ಪುಣ್ಯಾತ್ಮ ಅಂಗಿಯ ಎರಡೂ ತೋಳು ಮೇಲೇರಿಸಿದ.

"ಅಂಜಬ್ಯಾಡ್ರಿ. ಒಂದ ಸೂಜಿಗೆ ಏನಾಕ್ಕೈತಿ? ನಾ ಎರಡ ತಗೊಂಡೇನಿ. ಈ ತೋಳಿಂದು ನಂದು, ಈ ತೋಳಿಂದು ನಿಮ್ಮ ವಿರುಪಾಕ್ಷಿದು. ಆಯಿ, ಉಂಡಿ ಭಾಳ ಚಲೋ ಇದ್ವು ನೋಡ್ರಿ."

ಸಾಲು ನಿಂತಲ್ಲೇ ಸಡಿಲಾಯಿತು. ಹಿಂದಿನ ನಾಲ್ಕು ಮಂದಿ ಸದ್ದಿಲ್ಲದೆ ಗುಡಿಸಲಿನ ಕಡೆ ತಿರುಗಿದರು. ಆಯಿ ನನ್ನ ಮುಖ ನೋಡಲಿಲ್ಲ, ಎಡದೋಳು ತಿಕ್ಕುತ್ತಿದ್ದ ನನ್ನ ಬಲಗೈ ನೋಡಿದಳು.

"ನಾ ಕಷಾಯ ಕುಡದ್ರ ನಿನ್ನ ಹೊಟ್ಟಿಬ್ಯಾನಿ ಹೋಗ್ತೈತೇನು, ತಮ್ಮಾ?"

"ಇಲ್ಲ ಆಯಿ."

"ಮತ್ತ?"

ಆಕೆ ಸಾಲಿನಿಂದ ಈಚೆಗೆ ಸರಿದು ಪಕ್ಕದಲ್ಲಿ ಬಿದ್ದಿದ್ದ ಬೇವಿನ ಬೊಡ್ಡೆಯ ಮೇಲೆ ಕೂತುಬಿಟ್ಟಳು. "ನೀ ತಗೊಳ್ಳದ್ದು ನನಗ ಬ್ಯಾಡ. ಸೂಜಿ ಇಲ್ಲದ ಹಿಂಗ ಕಷಾಯ ಕೊಡಾಕ ಹೋಗ್ತೇನಿ" ಎಂದಳು. ಆಯಿ ಒಮ್ಮೆ ಬೇಡವೆಂದರೆ ಮುಗಿಯಿತು. ಇಷ್ಟು ಹೊತ್ತು ನನ್ನ ತೋಳಿನ ಬಗ್ಗೆ ಇದ್ದ ಭಯ ಒಮ್ಮೆಲೇ ಆಯಿಯ ಬಗ್ಗೆ ಹೊರಳಿತು. ನಾನು ಹೋಗಿ ಡಾಕ್ಟರ ಮುಂದೆ ಕೂತೆ. ವೀರನಂತೆ ಕೂತೆನೆಂದು ಬರೆಯುವ ಆಸೆಯಿದೆ, ಆದರೆ ನೋಡಿದವರು ಇನ್ನೂ ಬದುಕಿದ್ದಾರೆ. ಬಸವಣ್ಣೆಪ್ಪ ಹಿಂದಿನಿಂದ ಹೆಗಲು ಒತ್ತಿ ಹಿಡಿದಿದ್ದ, ನಾನು ಕಣ್ಣು ಮುಚ್ಚಿ ಮುಂಚಿತವಾಗಿಯೇ ಕೂಗಿದೆ. ಡಾಕ್ಟರು, "ಇನ್ನೂ ಚುಚ್ಚಿಲ್ಲಪಾ" ಎಂದರು. ಗುಡಿಸಲಿನ ಕಡೆ ತಿರುಗಿದ್ದ ನಾಲ್ವರು ಈ ತಮಾಷೆ ನೋಡಲೆಂದೇ ವಾಪಸು ಬಂದರು. ಬಂದವರು ನಗುತ್ತ ನಗುತ್ತ ಸಾಲಿನಲ್ಲೇ ನಿಂತರು. ನನ್ನ ನಂತರ ಆಯಿ ಕೂತಳು, ಕಣ್ಣು ಸಹ ಮಿಟುಕಿಸಲಿಲ್ಲ.

ಸಂಜೆಯ ಹೊತ್ತಿಗೆ ಇಬ್ಬರಿಗೂ ಜ್ವರ. ತನ್ನ ಮೈ ಸುಡುತ್ತಿದ್ದರೂ ಆಯಿ ಕಷಾಯದ ಚರಿಗೆ ತಂದು, ತಾನೊಂದು ಗುಟುಕು ಕುಡಿದು ನನ್ನ ಬಾಯಿಗೆ ಹಿಡಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆ ವರ್ಷ ನಮ್ಮ ಹೊಲದ ಗುಡಿಸಲುಗಳಿಂದ ಎಲ್ಲರೂ ಮರಳಿ ತಮ್ಮ ತಮ್ಮ ಮನೆಯ ಕೀಲಿ ತೆಗೆದರು. ಆಗಲೇ ಮಲಗಿದ್ದ ಆ ಇಬ್ಬರೊಳಗೆ ಒಬ್ಬರು ಮಾತ್ರ ಬರಲಿಲ್ಲ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ನಿನ್ನೆ ಬಸವಣ್ಣೆಪ್ಪನ ಕಾಗದ ಬಂತು. ಈಗ ಅವನು ಹಾನಗಲ್ಲಿನಲ್ಲಿ ಡಾಕ್ಟರು. ಕಾಲರಾದ ದಿನಗಳು, ಡಾಕ್ಟರುಗಳೆಲ್ಲ ಸ್ವತಃ ಸೂಜಿ ಹಾಕಿಸಿಕೊಂಡು ಚೀಟಿ ಕಳಿಸಬೇಕೆಂದು ಮೇಲಿನಿಂದ ಹುಕುಂ ಬಂದಿದೆಯಲ್ಲ, ಅದನ್ನೇ ಬರೆದಿದ್ದ. ಕೊನೆಗೆ, "ನಿನ್ನದನ್ನು ನೀನೇ ತೆಗೆದುಕೊಳ್ಳುತ್ತೀಯೋ, ಉಂಡಿ ಕಳಿಸುತ್ತೀಯೋ?" ಎಂದು ಕೇಳಿದ್ದ. ಹಾಸ್ಯಕ್ಕೆ ಬರೆದದ್ದೆಂದು ನನಗೂ ಗೊತ್ತು. ಆದರೂ ಆ ಸಾಲನ್ನು ಎರಡು ಸಲ ಓದಿದೆ, ಹಾನಗಲ್ಲಿಗೆ ಮುಂಜಾನೆಯ ಮೋಟಾರು ಎಷ್ಟಕ್ಕೆ ಹೊರಡುತ್ತದೆಂದು ಯೋಚಿಸಿದೆ. ಇಲ್ಲಿ ನನ್ನ ಜೊತೆಗೇ ಇರುವ ಆಯಿ ನಡುಮನೆಯ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಈಗ ಆಕೆಗೆ ಕಣ್ಣು ಅಷ್ಟಕ್ಕಷ್ಟೆ.

"ಏನ ಬರದಾನೋ ಬಸವಣ್ಣೆಪ್ಪ?" ಎಂದಳು.

"ಏನಿಲ್ಲ ಆಯಿ, ಎಲ್ಲಾ ಆರಾಮ ಅಂತ."

ಆಯಿ ಎಲೆ ಮಡಚಿ ಬಾಯಿಗಿಟ್ಟುಕೊಂಡು, ನನ್ನ ಕಡೆಗೊಮ್ಮೆ ತಿರುಗಿದಳು.

"ಹಂಗಾರ ತೋಳ ಯಾಕ ತಿಕ್ಕೊಳ್ಳಾಕತ್ತೀ?"